ದೋಣಿಯ ದೇವೀರಮ್ಮನನ್ನು ಬಿಟ್ಟ ಪುಸ್ತಕ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ಖುಷಿಪಡುವುದು ಬೇಡ. ಪಕ್ಕದ ಅಂಗಡಿಯವನು ಹೊಸ ಬೋರ್ಡು ಹಾಕಿಸಿದರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ಆದರೆ ರಂಗಸ್ವಾಮಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಆ ಥರದ್ದಲ್ಲ. ಅವನಿಗೆ ಬೋರ್ಡೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಇದ್ದದ್ದು ಒಂದು ಹಳೇ ಮೊಪೆಡ್ಡು, ಮತ್ತು ಬಾಯಿ.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜೊತೆಗೆ ಎಸ್‌ಟಿಡಿ ಬೂತು, ಕಂಪ್ಯೂಟರಿನಲ್ಲಿ ಕನ್ನಡ ಟೈಪು, ಸ್ಪೈರಲ್ ಬೈಂಡಿಂಗ್. 2001ರಲ್ಲಿ ನನ್ನ ಹೆಂಡತಿ ಸರ್ವಮಂಗಳಾಳ ತಮ್ಮ ಮದನ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನು ಹಾಸ್ಟೆಲಿನ ಸೀನಿಯರ್ ಒಬ್ಬನ ಹತ್ತಿರ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇಸಕೊಂಡು ಬಂದು, "ಭಾವ, ಇದರದ್ದು ಪೂರ್ತಿ ಒಂದು ಕಾಪಿ ಬೇಕು" ಎಂದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾಪಿ ತೆಗೆಯುತ್ತ ತೆಗೆಯುತ್ತ ನಾನು ಅದನ್ನು ಓದಿದೆ.

ಅದು ಆಟದ ಪುಸ್ತಕ. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಆ ಕತೆಯೊಳಗಿನ ಒಂದೊಂದು ಪಾತ್ರ. "ಮುಂದೆ ಕಾಡು, ಕಾಡಿನೊಳಗೆ ಹೊಗೆ ಏಳುತ್ತಿದೆ, ಏನು ಮಾಡುತ್ತೀರಿ?" ಎಂದು ನಡೆಸುವವನು ಕೇಳುತ್ತಾನೆ. ಪಾತ್ರಗಳು ಬಾಯಿಗೆ ಬಂದದ್ದು ಹೇಳಬಹುದು. ಅದು ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಪುಸ್ತಕದಲ್ಲಿ ಇಪ್ಪತ್ತು ಮುಖದ ದಾಳ ಎಂದಿತ್ತು. ನಂಜನಗೂಡಿನಲ್ಲಿ ಅದು ಎಲ್ಲಿ ಸಿಗಬೇಕು? ಚೌಕಾಬಾರದ ಆರು ಕವಡೆ ಇಟ್ಟುಕೊಂಡೆವು. ಮೂರು ಅಂಗಾತ ಬಿದ್ದರೆ ಕೆಲಸ ಆಯಿತು, ಕಡಿಮೆ ಬಿದ್ದರೆ ಇಲ್ಲ.

ಮೊದಲ ಭಾನುವಾರ ಅಂಗಡಿಯ ಮೇಲಿನ ರೂಮಿನಲ್ಲಿ ಕತೆ ನಡೆಸಿದವನು ನಾನು. ಇದನ್ನು ಯಾರೂ ಈಗ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಸರ್ವಮಂಗಳಾ, ಮದನ್, ಮತ್ತು ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂರುವ ನಾಗರತ್ನ, ಈ ಮೂವರು ಆಡುವವರು. ಒಂದು ಕೋಟೆ, ಕೋಟೆಗೊಂದು ಬಾಗಿಲು. ಮೂರು ಗಂಟೆಯಾದರೂ ಅವರು ಆ ಬಾಗಿಲು ದಾಟಲಿಲ್ಲ. ಅವರು ಏನು ಮಾಡುತ್ತೇವೆಂದರೂ ನಾನು ಪುಸ್ತಕ ತಿರುವಿ, "ಅದು ಆಗಲ್ಲ" ಎನ್ನುತ್ತಿದ್ದೆ. ನಿಯಮ ಅಂದಮೇಲೆ ನಿಯಮ. ಕಾವಲುಗಾರನಿಗೆ ತಾಂಬೂಲ ಕೊಡುತ್ತೇನೆ ಎಂದಳು ನನ್ನ ಹೆಂಡತಿ. ಪುಸ್ತಕದಲ್ಲಿ ತಾಂಬೂಲದ ಸುದ್ದಿಯೇ ಇರಲಿಲ್ಲ.

ರಂಗಸ್ವಾಮಿ ಬಂದದ್ದು ಅವತ್ತೇ. ದೇವನೂರಿನವನು, ಹಳ್ಳಿಗಳ ಹಾಲಿನ ಸೊಸೈಟಿ ನೋಡಿಕೊಳ್ಳುವ ಸೂಪರ್‌ವೈಸರ್ ಕೆಲಸ. ಶನಿವಾರ ಕೊಟ್ಟುಹೋಗಿದ್ದ ಫಾರಂಗಳ ಕಾಪಿ ತೆಗೆದುಕೊಳ್ಳಲು ಮೆಟ್ಟಿಲು ಹತ್ತಿ ಬಂದವನು ಮೂಲೆಯಲ್ಲಿ ನಿಂತು ಒಂದು ಗಂಟೆ ನೋಡಿದ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ.

"ಅಲ್ಲಾ ಸಾ, ತಪ್ಪು ತಿಳ್ಕಬ್ಯಾಡಿ. ಬಾಗ್ಲೇ ತಗೀದೆ ಓದ್ರೆ ಇವ್ರು ಊರೊಳೀಕೆ ಎಂಗೆ ಓದಾರು?"

ನನಗೆ ಮೈ ಉರಿಯಿತು. "ಮೊದಲು ಹಕಾರ ಕಲಿತುಕೋಪ್ಪ, ಆಮೇಲೆ ಕತೆ ಕಲಿಸುವೆಯಂತೆ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇರಲಿಲ್ಲ. "ಅಷ್ಟು ಗೊತ್ತಿದ್ದರೆ ಮುಂದಿನ ಭಾನುವಾರ ನೀನೇ ನಡೆಸು ಬಾ" ಎಂದು ಪುಸ್ತಕವನ್ನು ಅವನ ಕೈಗೆ ತುರುಕಿದೆ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಪುಸ್ತಕ ಬಿಚ್ಚಲಿಲ್ಲ, ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. ಎರಡು ನದಿಗಳ ನಡುವೆ ಒಂದು ಸೀಮೆ ಇದೆ, ಅಲ್ಲಿ ಪಾಳೇಗಾರ ಸತ್ತು ಮೂರು ದಿನವಾಗಿದೆ, ಸತ್ತದ್ದನ್ನು ಯಾರೂ ಯಾರಿಗೂ ಹೇಳುತ್ತಿಲ್ಲ ಎಂದು ಶುರು ಮಾಡಿದ. ಅವತ್ತು ಕಾಫಿಗೆಂದು ರೂಮಿನ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದದ್ದು ನನ್ನ ಹೆಂಡತಿಗೆ ಗೊತ್ತಾಗಲಿಲ್ಲ. ಹಾಲುಕ್ಕಿದರೆ ಬೀದಿಗೆಲ್ಲ ಕೇಳುವಂತೆ ಕೂಗುವ ಹೆಂಗಸು.

ಆ ಕತೆ ಎರಡು ವರ್ಷ ನಡೆಯಿತು.

ಅವನ ಗುಟ್ಟು ಏನೆಂದು ನಾನು ಬಹಳ ಯೋಚಿಸಿದ್ದೇನೆ. ದೊಡ್ಡದೇನಲ್ಲ. ಅವನು ಯಾರಿಗೂ ಆಗಲ್ಲ ಎನ್ನುತ್ತಿರಲಿಲ್ಲ. ಒಮ್ಮೆ ಮದನ್ ಕುದುರೆ ಎಂದುಕೊಂಡು ಪಾಳೇಗಾರರ ಪೂಜೆಯ ಬಸವನನ್ನು ಬಿಚ್ಚಿಕೊಂಡು ಬಂದುಬಿಟ್ಟ. ನಾನಾಗಿದ್ದರೆ ಅವನನ್ನು ಅಲ್ಲೇ ಸೆರೆಗೆ ಹಾಕಿಸುತ್ತಿದ್ದೆ. ರಂಗಸ್ವಾಮಿ ಗಲ್ಲ ಕೆರೆದುಕೊಂಡು, "ಬಸವ ತಾನಾಗೇ ಇಂದೆ ಬತ್ತಾ ಅದೆ. ಜನ ಅಡ್ಡಬೀಳ್ತಾವ್ರೆ. ನಿಮ್ಮುನ್ನ ಇಡ್ಕಳೋ ಧೈರ್ಯ ಯಾರ್ಗೂ ಇಲ್ಲ" ಎಂದ. ಮದನ್ ಮಾಡಿದ ಎಡವಟ್ಟು ಅವನು ಮಾಡಿದ ಉಪಾಯವಾಗಿ ಹೋಯಿತು. ಆಡುವವರಿಗೆ ತಾವೇ ಜಾಣರು ಎನಿಸುತ್ತಿತ್ತು. ಹಾಗೆ ಅನ್ನಿಸುವಂತೆ ಮಾಡುವವನನ್ನು ಯಾರು ಬಿಟ್ಟಾರು?

ಹೀಗಾಗಿ ಅವನಿಗೆ ಸಲ್ಲತೊಡಗಿದ ಮರ್ಯಾದೆ ನೋಡಬೇಕಿತ್ತು. ನಾನೂ ಆಡುವವರ ಸಾಲಿನಲ್ಲಿ ವೀರಭದ್ರನೆಂಬ ಸಿಪಾಯಿಯಾಗಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಎಲ್ಲರೂ ಅವನನ್ನು ಮೇಷ್ಟ್ರು ಎಂದು ಕರೆಯತೊಡಗಿದರು. ಸರ್ವಮಂಗಳಾ ಅವನಿಗೆಂದು ಹುರಿಗಡಲೆ ತಂಬಿಟ್ಟು ಮಾಡುತ್ತಿದ್ದಳು. ಮದುವೆಯಾಗಿ ಎಂಟು ವರ್ಷದಲ್ಲಿ ನಾನು ತಂಬಿಟ್ಟು ಕಂಡದ್ದು ಶಿವರಾತ್ರಿಗೆ ಮಾತ್ರ. ನಾಗರತ್ನ ತನ್ನ ಮನೆಯಿಂದ ಒಂದು ಮೆತ್ತೆ ತಂದು ಅವನ ಕುರ್ಚಿಗೆ ಹಾಕಿದರು. ಮದನ್ ಹಾಸ್ಟೆಲಿನಿಂದ ನನ್ನ ಬೂತಿಗೆ ಫೋನು ಮಾಡಿ, ಹೇಗಿದ್ದೀರಿ ಭಾವ ಎಂದು ಕೂಡ ಕೇಳದೆ, "ಗಂಟೆ ಕದ್ದವನು ಪೂಜಾರಿಯ ಮಗ ಅಂತ ನನಗೆ ಅನುಮಾನ, ಮೇಷ್ಟ್ರಿಗೆ ಹೇಳಿಬಿಡಿ" ಎನ್ನುತ್ತಿದ್ದ. ಇವನ ಅನುಮಾನ ಮುಟ್ಟಿಸುವ ಜವಾನ ನಾನು.

ಇದೆಲ್ಲಕ್ಕಿಂತ ನನ್ನನ್ನು ಸುಟ್ಟದ್ದು ನಾಗರತ್ನ ಶುರು ಮಾಡಿದ ಒಂದು ಪದ್ಧತಿ. ಆಟ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು, "ಇವತ್ತು ನಾನು ಮನೆಗೆ ಒಯ್ಯೋದು ಏನು" ಎಂದು ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ಅವತ್ತಿನ ಕತೆಯಲ್ಲಿ ಮನಸ್ಸಿಗೆ ಹಿಡಿದದ್ದು. ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. "ಆ ಕುರುಡ ಕುಂಬಾರ ಮಡಕೆ ತಟ್ಟಿ ನೋಡಿದ್ದನ್ನ ಒಯ್ತೀನಿ" ಎನ್ನುವರು ನಾಗರತ್ನ. "ಸತ್ತ ಪಾಳೇಗಾರನ ಚಪ್ಪಲಿಯನ್ನ ನಾಯಿ ಕಾಯ್ತಿದ್ದದ್ದು" ಎನ್ನುವಳು ನನ್ನ ಹೆಂಡತಿ. ನನ್ನ ಸರದಿ ಬಂದಾಗ "ಕವಡೆ ಇವತ್ತು ಚೆನ್ನಾಗಿ ಬಿತ್ತು" ಎನ್ನುತ್ತಿದ್ದೆ. ಕವಡೆ ಅವನದಲ್ಲವಲ್ಲ.

ನೀವು ಬೇರೆ ಏನೋ ಊಹಿಸಬೇಡಿ. ನನ್ನ ಹೆಂಡತಿಯ ಮೇಲೆ ನನಗೆ ಒಂದು ಕೂದಲಿನಷ್ಟೂ ಅನುಮಾನ ಬರಲಿಲ್ಲ, ರಂಗಸ್ವಾಮಿ ಅವಳನ್ನು ಮಂಗಳಕ್ಕ ಎಂದೇ ಕರೆಯುತ್ತಿದ್ದ. ಆ ಥರದ ಹೊಟ್ಟೆಕಿಚ್ಚಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನನಗೆ ಬೇಕಾಗಿದ್ದದ್ದು ಅವನ ಕುರ್ಚಿ. ನಾನು ಒಂದು ಮಾತು ಹೇಳಿದರೆ ಅದನ್ನು ಯಾರಾದರೂ ಮನೆಗೆ ಒಯ್ಯಬೇಕಿತ್ತು.

ಎರಡನೆಯ ವರ್ಷ ಕತೆಯಲ್ಲಿ ದೇವೀರಮ್ಮ ಬಂದಳು.

ಎರಡು ನದಿಗಳಲ್ಲಿ ದೊಡ್ಡದನ್ನು ದಾಟಿಸುವ ಮುದುಕಿ. ಯಾವುದೋ ಹಳೆಯ ಆಣೆಗೆ ಕಟ್ಟುಬಿದ್ದು ನಲವತ್ತು ವರ್ಷದಿಂದ ದೋಣಿಯಲ್ಲೇ ಇದ್ದಾಳೆ, ದಡಕ್ಕೆ ಕಾಲಿಡುವಂತಿಲ್ಲ. ಅವಳು ಬಾಡಿಗೆ ತೆಗೆದುಕೊಳ್ಳುವುದಿಲ್ಲ. ದೋಣಿ ಹತ್ತಿದವರು ದಡದ ಒಂದು ಸುದ್ದಿ ಹೇಳಬೇಕು. ರಂಗಸ್ವಾಮಿ ವೇಷ ಗೀಷ ಏನೂ ಹಾಕುತ್ತಿರಲಿಲ್ಲ, ಕತ್ತು ಸ್ವಲ್ಪ ಕುಗ್ಗಿಸಿ, "ದಡದಲ್ಲಿ ಏನ್ ಸುದ್ದಿ ಮಗಾ?" ಎನ್ನುತ್ತಿದ್ದ. ಅಷ್ಟಕ್ಕೆ ಮುದುಕಿ ಎದುರಿಗೆ ಬಂದು ಕೂತಂತಾಗುತ್ತಿತ್ತು.

ಮೊದಲು ಕತೆಯ ಸುದ್ದಿ ಹೇಳಿದರು. ಆಮೇಲೆ ನಾಗರತ್ನ ಪೋಸ್ಟಾಫೀಸಿನ ಸುದ್ದಿ ಹೇಳಿದರು, ತಗಡೂರಿನ ಒಬ್ಬ ಅಜ್ಜ ತನಗೆ ತಾನೇ ಕಾಗದ ಬರೆದು ಪೋಸ್ಟು ಮಾಡಿಕೊಳ್ಳುವುದನ್ನು. ವಾರವಿಡೀ ಇವರೆಲ್ಲ ಮುದುಕಿಗೆಂದು ಸುದ್ದಿ ಕೂಡಿಡತೊಡಗಿದರು. ತರಕಾರಿ ಕೊಳ್ಳುವಾಗ ಏನಾದರೂ ಕಂಡರೆ, "ಇದನ್ನ ದೇವೀರಮ್ಮನಿಗೆ ಹೇಳ್ಬೇಕು" ಎನ್ನುತ್ತಿದ್ದಳು ಸರ್ವಮಂಗಳಾ. ಪಕ್ಕದಲ್ಲಿ ಚೀಲ ಹಿಡಿದು ನಿಂತ ನನಗೆ ಹೇಳಬೇಕು ಅನಿಸುತ್ತಿರಲಿಲ್ಲ. ಹುಟ್ಟಿಯೇ ಇರದ ಒಬ್ಬ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಒಂದು ಭಾನುವಾರ ದೋಣಿ ಹತ್ತುವ ಸರದಿ ಸರ್ವಮಂಗಳಾಳದಾಗಿತ್ತು.

"ನಮ್ಮ ಬೀದೀಲಿ ಒಬ್ಬಳಿದಾಳೆ ಅಮ್ಮ" ಎಂದಳು. "ಬಿ.ಎ. ಓದಿದಾಳೆ. ಬಿ.ಎಡ್. ಮಾಡಿ ಟೀಚರ್ ಆಗ್ಬೇಕು ಅಂತ ಆಸೆ. ಅಪ್ಲಿಕೇಶನ್ ತರಿಸಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದಾಳೆ."

"ಗಂಡುಂಗೆ ಯೋಳಿಲ್ವಾ ಮಗಾ?"

"ಇಲ್ಲ. ಕೇಳಿಸ್ಕೊಳ್ಳೋ ಮುಂಚೆನೇ ಆಗಲ್ಲ ಅಂತಾರೆ."

ರಂಗಸ್ವಾಮಿ ನನ್ನ ಕಡೆ ತಿರುಗಲಿಲ್ಲ. ಅದೊಂದು ಅವನ ದೊಡ್ಡತನ. ಮುದುಕಿಯಾಗಿಯೇ ಬರಿಗೈಯಲ್ಲಿ ಸ್ವಲ್ಪ ಹೊತ್ತು ದೋಣಿಯ ಹುಟ್ಟು ಹಾಕಿದ. "ಅಕ್ಕಿ ಡಬ್ಬದಾಗೆ ಉಳ ಬೀಳ್ತದೆ ಕಣ್ ಮಗಾ. ಬ್ಯಾಗ ತಗಿ" ಎಂದ.

ಮಾರನೆಯ ದಿನ ನಾನು ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಇತ್ತು. ತೆಗೆದು ಊಟದ ಮೇಜಿನ ಮೇಲಿಟ್ಟು, "ತುಂಬಿ ಕೊಡು, ನಾನೇ ಹೋಗಿ ಕೊಟ್ಟು ಬರ್ತೀನಿ" ಎಂದೆ. ಅವಳು ತುಂಬಿದಳು, ಸೀಟೂ ಸಿಕ್ಕಿತು. ಮುಂದಿನ ಭಾನುವಾರ ಕತೆಯಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ ನದಿಯವರೆಗೆ ನಡೆದುಹೋಗಿ ದೇವೀರಮ್ಮನ ಕಾಲಿಗೆ ನಮಸ್ಕಾರ ಮಾಡಿ ಬಂದಳು. ಅಪ್ಲಿಕೇಶನ್ ಹಿಡಿದುಕೊಂಡು ಮೈಸೂರಿನಲ್ಲಿ ಬಿಸಿಲಲ್ಲಿ ಎರಡು ಗಂಟೆ ಕ್ಯೂ ನಿಂತವನು ನಾನು.

2003ರ ಜೂನಿನಲ್ಲಿ ಪಾಳೇಗಾರನ ಕತೆ ಮುಗಿಯಿತು. ಅದೇ ತಿಂಗಳು ರಂಗಸ್ವಾಮಿಗೆ ತಿರುಮಕೂಡಲು ನರಸೀಪುರಕ್ಕೆ ವರ್ಗವಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೇ ಹೋಗಿ ಸಿಹಿ ತಂದೆ, ಎಲ್ಲರೂ ಅದನ್ನು ಪ್ರೀತಿ ಎಂದುಕೊಂಡರು. ಮೇಷ್ಟ್ರಿಗೆ ಏನು ಕೊಡುವುದೆಂದು ಮಾತಾಯಿತು. ಗಡಿಯಾರ ಬೇಡ, ಬೆಳ್ಳಿ ಲೋಟ ಬೇಡ. "ಕತೆಯನ್ನೇ ಬರೆದು ಪುಸ್ತಕ ಮಾಡಿ ಕೊಡೋಣ" ಎಂದರು ನಾಗರತ್ನ. ಮರೆಯದಿರಲೆಂದು ಪ್ರತಿ ವಾರ ನಡೆದದ್ದನ್ನು ನೋಟ್ಸ್ ಮಾಡುತ್ತಿದ್ದವನು ನಾನು. ಟೈಪು ನನ್ನದು, ಬೈಂಡಿಂಗ್ ನನ್ನದು. ಕೆಲಸ ನನಗೇ ಬಂತು.

ಹದಿನೈದು ದಿನ ಟೈಪು ಮಾಡಿದೆ. ಮೊದಮೊದಲು ವೀರಭದ್ರನ ಕೈಯಲ್ಲಿ ಅವನು ಮಾಡದೇ ಇದ್ದ ಒಂದೆರಡು ಸಾಹಸ ಮಾಡಿಸಿದೆ, ಅದು ಹೋಗಲಿ. ದೇವೀರಮ್ಮನ ಭಾಗಕ್ಕೆ ಬಂದೆ. ಅದನ್ನು ಬರೆಯುವಾಗ ನನ್ನ ಬೆರಳು ತಾನಾಗಿ ಓಡಿತು. ಮುಗಿಸಿ ಓದಿದೆ, ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿತ್ತು. ನಾನು ಬರೆದದ್ದರಿಂದ ಅಲ್ಲ, ಅವನು ಹೇಳಿದ್ದರಿಂದ ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ಈ ಪುಸ್ತಕ ಅವನ ಮನೆಯಲ್ಲಿರುತ್ತದೆ, ಅವನ ಮಕ್ಕಳು ಮೊಮ್ಮಕ್ಕಳು ಓದುತ್ತಾರೆ, ಆಹಾ ನಮ್ಮಪ್ಪ ಎನ್ನುತ್ತಾರೆ ಎಂದೆಲ್ಲ ಯೋಚನೆ ಬಂತು. ಬೈಂಡಿಂಗ್ ಮಾಡುವಾಗ ಆ ಹಾಳೆಗಳನ್ನು ಎಳೆದು ತೆಗೆದು ಡ್ರಾಯರಿಗೆ ಹಾಕಿದೆ. ತಂತಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಗಿಸಿಬಿಟ್ಟೆ. ಆ ಕ್ಷಣಕ್ಕೆ ನಿಜವಾಗಿಯೂ ಹಾಯೆನಿಸಿತು.

ಬೀಳ್ಕೊಡುಗೆ ಭಾನುವಾರ ಬೆಳಿಗ್ಗೆ, ಅದೇ ಮೇಲಿನ ರೂಮಿನಲ್ಲಿ. ನಾಗರತ್ನ ಶಾಲು ಮತ್ತು ಮಲ್ಲಿಗೆ ಹಾರ ತಂದಿದ್ದರು. ರಂಗಸ್ವಾಮಿ ಇಸ್ತ್ರಿ ಅಂಗಿ ಹಾಕಿಕೊಂಡು ಸಂಕೋಚದಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಶಾಲು ಹೊದಿಸಿದ್ದಾಯಿತು. ಪುಸ್ತಕವನ್ನು ಅವನ ಕೈಗೆ ಕೊಟ್ಟೆವು. ಅವನು ಒಮ್ಮೆ ಪುಟ ತಿರುವಿ ನೋಡಿ, "ನೀವೇ ವಸಿ ಓದಿ ಸಾ" ಎಂದು ನನಗೆ ವಾಪಸು ಕೊಟ್ಟ.

ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಓದುತ್ತ ಬಂದೆ. ಪಾಳೇಗಾರನ ಸಾವು ಆಯಿತು, ಬಸವ ಬಂತು, ಕುರುಡ ಕುಂಬಾರ ಬಂದ. ನಮ್ಮ ನಾಲ್ವರ ಪಡೆ ನದಿಯ ಹತ್ತಿರ ಬಂತು. ಮುಂದಿನ ಸಾಲಿನಲ್ಲಿ ಪಡೆ ಆಚೆ ದಡದಲ್ಲಿತ್ತು.

"ನಿಲ್ಲಿಸಿ" ಎಂದಳು ಸರ್ವಮಂಗಳಾ. "ದೇವೀರಮ್ಮ ಎಲ್ಲಿ?"

ನಾನು ಎರಡು ಪುಟ ಹಿಂದೆ ಮುಂದೆ ಮಗುಚಿದೆ. "ತುಂಬಾ ದಪ್ಪ ಆಗ್ತಿತ್ತು. ಸ್ವಲ್ಪ ಕಡಿಮೆ ಮಾಡಿದೆ" ಎಂದೆ.

"ಏನ್ ಕಡಿಮೆ ಮಾಡಿದ್ರಿ ಭಾವ, ಅವಳಿಲ್ಲದೆ ನಾವು ನದಿ ಹೇಗೆ ದಾಟಿದ್ವಿ?" ಎಂದ ಮದನ್. ಅವನ ಮುಖ ಕೆಂಪಾಗಿತ್ತು. "ಕರೀ ಕಂಬಳಿ ಹೊದ್ಕೊಂಡು ಕೂತಿದ್ಲು. ದೋಣಿಗೆ ಒಂದು ಕಡೆ ತೂತು, ಅಲ್ಲಿ ಅವಳೇ ಕಾಲಿಟ್ಕೊಂಡು ಕೂರ್ತಿದ್ಲು."

"ಕಾಲಲ್ಲ, ಹಿಮ್ಮಡಿ" ಎಂದರು ನಾಗರತ್ನ. "ಮೊದಲನೇ ದಿನ ಕೇಳಿದ್ದು ದಡದ ಮೇಲೆ ಈಗ ಯಾವ ಹೂ ಬಿಟ್ಟಿದೆ ಅಂತ. ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ನೋಡದೇ ಬಂದ್ರಾ ಅಂತ ಬೈದ್ಲು."

"ಬೈಲಿಲ್ಲ. ಸುಮ್ನಾದ್ಲು. ಅದಕ್ಕೇ ನಮಗೆ ಜಾಸ್ತಿ ಬೇಜಾರಾಗಿದ್ದು" ಎಂದಳು ನನ್ನ ಹೆಂಡತಿ.

ಹೀಗೆ ಶುರುವಾಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದು, ತಿದ್ದಿದ್ದನ್ನು ಮತ್ತೊಬ್ಬರು ಒಪ್ಪದಿರುವುದು. ಒಂದು ಗಂಟೆಗೂ ಹೆಚ್ಚು ಹೊತ್ತು ಅವರು ಆ ಮುದುಕಿಯನ್ನು ಮಾತು ಮಾತಾಗಿ ವಾಪಸು ತಂದರು. ಅವಳ ಕೆಮ್ಮು, ಅವಳು ಸುದ್ದಿ ಕೇಳಿ ನಗುವಾಗ ಹುಟ್ಟು ನಿಲ್ಲಿಸುತ್ತಿದ್ದದ್ದು, ಕೊನೆಗೆ ಆಣೆ ತೀರಿ ಮರಳಿಗೆ ಕಾಲಿಟ್ಟಾಗ ಸುಡ್ತದೆ ಎಂದದ್ದು. ನನ್ನ ಹದಿನೈದು ಹಾಳೆಯಲ್ಲಿ ಇದರ ಅರ್ಧವೂ ಇರಲಿಲ್ಲ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಒಂದು ಮಾತನ್ನೂ ಇವರು ಕೆಳಗೆ ಹಾಕಿರಲಿಲ್ಲ. ರಂಗಸ್ವಾಮಿ ಹೊಸ ಶಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿ ಪುಸ್ತಕ ತೆರೆದೇ ಇತ್ತು, ಅದರ ಕಡೆಗೆ ಯಾರೂ ನೋಡಲಿಲ್ಲ.

ಮಾತು ಮುಗಿದಾಗ ಎಲ್ಲರಿಗೂ ನೆನಪಾಯಿತು, ನನ್ನ ಕಡೆ ತಿರುಗಿದರು. ಈಗ ಬೈಗುಳ ಎಂದುಕೊಂಡೆ. ರಂಗಸ್ವಾಮಿ ಎದ್ದು ನಿಂತ.

"ಮಲ್ಲಿಕಾರ್ಜುನ್ ಸಾ ಬೇಕೂಂತ್ಲೇ ಬಿಟ್ಟವ್ರೆ" ಎಂದ. "ಬರ್ದಿದ್ರೆ ಅವ್ರು ಓದೋರು, ನಾವು ಕೇಳ್ಕಂಡು ಎದ್ದೋಯ್ತಿದ್ದೋ. ಬಿಟ್ಟಿದ್ಕೆ ನೀವೇ ಯೋಳಿದ್ರಿ. ನಂಗೆ ಇದ್ಕಿಂತ ಇನ್ನೇನ್ ಬೇಕು? ಎಂಥಾ ತಲೆ ಸಾ ನಿಮ್ದು."

ಅವರಿಗೆಲ್ಲ ತಟ್ಟನೆ ಅರ್ಥವಾದಂತೆ ಆಯಿತು. ಮದನ್ ಚಪ್ಪಾಳೆ ಹೊಡೆದ. ನಾಗರತ್ನ ಮೇಜಿನ ಮೇಲಿದ್ದ ಮಲ್ಲಿಗೆ ಹಾರವನ್ನು ನನ್ನ ಕೊರಳಿಗೇ ಹಾಕಿಬಿಟ್ಟರು. "ನಮಗೆ ಹೊಳೀಲೇ ಇಲ್ಲ ಸಾರ್, ಬೈದುಬಿಟ್ವಿ" ಎಂದರು. ಸುಳ್ಳು ಹೇಳಲಾರೆ, ಹಾರದೊಳಗೆ ಚೆನ್ನಾಗಿತ್ತು. ಎರಡು ವರ್ಷ ಕಾದದ್ದು ಸಿಕ್ಕಿತ್ತು. ಐದು ನಿಮಿಷ ನಾನು ನಗುತ್ತ ನಿಂತಿದ್ದೆ. ಚಪ್ಪಾಳೆ ತಟ್ಟದೆ ಇದ್ದವಳು ಸರ್ವಮಂಗಳಾ ಒಬ್ಬಳೇ.

ಮನೆಗೆ ಬಂದ ಮೇಲೆ ಅವಳು ಸೀರೆ ಮಡಚುತ್ತ ಹೇಳಿದಳು. "ಸ್ಟೇಪ್ಲರ್ ಪಿನ್ ಹುಡುಕೋಕೆ ಮೊನ್ನೆ ನಿಮ್ಮ ಡ್ರಾಯರ್ ತೆಗೆದಿದ್ದೆ. ಹಾಳೆಗಳು ಅಲ್ಲೇ ಇದ್ವು. ಬೈಂಡಿಂಗಿಗೆ ಮುಂಚೆ ಸೇರಿಸ್ತಾರೆ ಅಂದ್ಕೊಂಡಿದ್ದೆ."

ನಾನು ಕೊರಳಲ್ಲಿ ಇನ್ನೂ ಇದ್ದ ಹಾರವನ್ನು ತೆಗೆದು ಮೊಳೆಗೆ ಸಿಕ್ಕಿಸಿದೆ.

"ನಾನು ಯಾರಿಗೂ ಹೇಳಲ್ಲ, ಬೈಯೋದೂ ಇಲ್ಲ" ಎಂದಳು. "ಆದ್ರೆ ಅವು ಅವರದ್ದು. ನೀವೇ ಹೋಗಿ ಅವರ ಕೈಗೆ ಕೊಟ್ಟು ಬನ್ನಿ. ಅಲ್ಲಿತನಕ ಆ ರೂಮಿಗೆ ನಾನು ಕಾಲಿಡಲ್ಲ."

ಅವಳು ಬಾರದೆ ಆಟವೆಲ್ಲಿ? ಮುಂದಿನ ಭಾನುವಾರ ಮದನ್ ಬಂದು, "ಭಾವ, ಇನ್ಮೇಲೆ ನೀವೇ ಮೇಷ್ಟ್ರು, ಶುರು ಮಾಡಿ" ಎಂದ. ಇಷ್ಟು ದಿನ ಹಪಹಪಿಸಿದ ಕುರ್ಚಿ ಖಾಲಿಯಾಗಿ ಎದುರಿಗೇ ಇತ್ತು, ಮೆತ್ತೆಯ ಸಮೇತ. ತಲೆನೋವು ಎಂದೆ. ಅದರ ಮುಂದಿನ ವಾರ ಮಿಷನ್ ಕೆಟ್ಟಿದೆ ಎಂದೆ. ಹೀಗೆ ಒಂದೂವರೆ ತಿಂಗಳು ತಳ್ಳಿದೆ. ಆಮೇಲೆ ಒಂದು ಭಾನುವಾರ ಊಟ ಮಾಡಿ, ಹದಿನೈದು ಹಾಳೆಗಳನ್ನು ಕವರಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಅದು ಕೈ ಅಡ್ಡ ಹಿಡಿದ ಕಡೆಯಲ್ಲೆಲ್ಲ ನಿಲ್ಲುವ ಬಸ್ಸು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಅವನು ಅಲ್ಲಿ ಹೊಸ ಗುಂಪು ಕಟ್ಟಿಕೊಂಡಿರುತ್ತಾನೆ. ಅವರಿಗೂ ಕತೆ ಹೇಳುತ್ತಿರುತ್ತಾನೆ. ಯಾವಳೋ ತಂಬಿಟ್ಟು ಮಾಡಿಕೊಡುತ್ತಿರುತ್ತಾಳೆ. ಇಷ್ಟು ದಿನ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟವನಿಗೆ ಈಗ ಆ ನರಸೀಪುರದವರ ಮೇಲೆ ಕಿಚ್ಚು ಹತ್ತಿಕೊಂಡಿತು. ನಮ್ಮ ಮೇಷ್ಟ್ರು ಅವನು, ಅವರಿಗೇನು ಹಕ್ಕು? ಸೇತುವೆಯ ಕೆಳಗೆ ನದಿ ತುಂಬಿ ಹರಿಯುತ್ತಿತ್ತು, ನನಗೆ ನೋಡುವ ಮನಸ್ಸಾಗಲಿಲ್ಲ.

ವಿಳಾಸ ಹಿಡಿದು ಹೋದರೆ ಬಾಗಿಲಲ್ಲಿ ಐದು ಜೊತೆ ಚಪ್ಪಲಿ. ಗುಂಪು ಸೇರಿದೆ ಎಂದುಕೊಂಡು ಹಾಗೆಯೇ ವಾಪಸು ಹೊರಟಿದ್ದೆ. ಒಳಗಿಂದ ಮನೆಯ ಒಡತಿ ವಿಶಾಲಮ್ಮ ಎನ್ನುವವರು ಬಂದು, "ಹಾಲಿನ ಡೈರಿಯೋರಾ? ಇತ್ಲಾಗೆ, ಹಿಂದ್ಗಡೆ ರೂಮು. ಇವು ನಮ್ಮ ನೆಂಟ್ರದ್ದು" ಎಂದರು. ಹಿಂದೆ ಹೋದೆ. ರಂಗಸ್ವಾಮಿ ಒಬ್ಬನೇ ಬನಿಯನ್ನಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಗುಂಪೂ ಇಲ್ಲ, ಗಿಂಪೂ ಇಲ್ಲ. ನನಗೆ ಸಮಾಧಾನವಾಯಿತು. ಆಮೇಲೆ ಅವನ ಮುಖ ನೋಡಿದೆ, ಸೊರಗಿದ್ದ.

"ಏನ್ ಸಾ, ಎಲ್ರೂ ಚಂದಾಗವ್ರಾ? ಏನ್ ಕತೆ ನಡೀತಾ ಅದೆ ಈಗ?"

"ಏನೂ ನಡೀತಿಲ್ಲ" ಎಂದು ಕವರನ್ನು ಅವನ ಮುಂದಿಟ್ಟೆ. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. "ಇದು ದೇವೀರಮ್ಮನ ಭಾಗ. ಟೈಪು ಮಾಡಿದ್ದೆ. ಚೆನ್ನಾಗಿತ್ತು ಅಂತಲೇ ಕಿತ್ತು ಹಾಕಿದೆ. ಉಪಾಯಾನೂ ಅಲ್ಲ, ತಲೆಯೂ ಅಲ್ಲ. ಹೊಟ್ಟೆಕಿಚ್ಚು ಕಣಪ್ಪ. ನಿನ್ನ ಹಾರ ನಾನು ಹಾಕ್ಕೊಂಡೆ."

ಅವನು ಬೆಳ್ಳುಳ್ಳಿ ಸಿಪ್ಪೆಯನ್ನು ಕೈಯಿಂದ ಕೊಡವಿದ.

"ಅವತ್ತೇ ಗೊತ್ತಾಯ್ತು ಸಾ. ಕೈಗೆ ಕೊಟ್ಟಾಗ ತಿರುವಿದ್ನಲ್ಲ, ಎಪ್ಪತ್ತೊಂದು ಆದ್ಮ್ಯಾಲೆ ಎಂಬತ್ತೇಳ್ನೇ ಪುಟ ಇತ್ತು."

ಪುಟದ ನಂಬರು ನನಗೆ ಹೊಳೆದೇ ಇರಲಿಲ್ಲ. ಅಂಗಡಿ ಇಟ್ಟು ಹತ್ತು ವರ್ಷವಾಗಿತ್ತು. "ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ?" ಎಂದೆ.

"ಇನ್ನೇನ್ ಯೋಳ್ಲಿ ಸಾ. ಅವ್ರೆಲ್ಲ ನಿಮ್ ಮ್ಯಾಲೆ ಬೀಳೋರು. ನೀವು ಒಂದ್ ಎಡವಟ್ಟು ಮಾಡಿದ್ರಿ. ಆಟದಾಗೆ ಎಡವಟ್ಟು ಮಾಡ್ದೋರ್ನ ನಾನು ಬಿಟ್ಟಾಕಿದ್ದುಂಟಾ?"

ನಾನು ಅವನ ಮಂಚದ ಮೇಲೆ ಕೂತೆ. ಮದನನ ಬಸವನಿಗೆ ಏನು ಮಾಡಿದ್ದನೋ ನನಗೂ ಅದನ್ನೇ ಮಾಡಿದ್ದ. ನಾನು ಸ್ವಂತವಾಗಿ ಮಾಡಿದ್ದು ಒಂದೇ ಒಂದು ಕೆಟ್ಟ ಕೆಲಸ, ಅದನ್ನೂ ಒಳ್ಳೆಯದು ಮಾಡಿ ಕೈಯಿಂದ ಕಿತ್ತುಕೊಂಡಿದ್ದ. ಆಗಲೂ ನನಗೆ ಹೊಟ್ಟೆ ಉರಿಯಿತು ಎಂದರೆ ನಂಬಿ. ಉರಿಯ ಜೊತೆಗೆ ನಾಚಿಕೆಯೂ ಆಯಿತು, ಅದು ಹೊಸದು.

"ನೀನು ನನಗಿಂತ ಚೆನ್ನಾಗಿ ಕತೆ ನಡೆಸ್ತೀಯ" ಎಂದೆ. ಎರಡು ವರ್ಷದಲ್ಲಿ ಮೊದಲ ಸಲ.

ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿದ.

"ನಂಗೂ ನಿಮ್ ಮ್ಯಾಲೆ ಒಟ್ಟೆಕಿಚ್ಚಿತ್ತು ಸಾ" ಎಂದ.

"ನನ್ನ ಮೇಲಾ?"

"ನಿಮ್ ಎಲ್ರ ಮ್ಯಾಲೂ. ನೀವು ಬಂದು ಕೂತ್ಕಂಡು, ಮುಂದಕ್ಕೇನಾಯ್ತದೆ ಅಂತ ಬಾಯ್ಬುಟ್ಕಂಡು ನೋಡೋರಿ. ನಂಗೆ ಎಲ್ಲಾ ಮೊದ್ಲೇ ಗೊತ್ತಿರೋದು. ಮುದುಕಿ ಯಾವತ್ತು ದಡಕ್ಕೆ ಕಾಲಿಕ್ತಾಳೆ ಅಂತ್ಲೂ ಗೊತ್ತಿತ್ತು. ಅವತ್ತು ನೀವೆಲ್ಲ ಅತ್ರಲ್ಲ, ನಂಗೆ ಅಳಕ್ಕೂ ಆಗ್ನಿಲ್ಲ." ಅವನು ಮೂಗು ಒರೆಸಿಕೊಂಡ. "ಫಾರಂ ತಕ್ಕಳಕ್ಕೆ ಬಂದೋನು ನಾನು ಅವತ್ತು ನಿಮ್ ರೂಮ್ನಾಗೆ ನಿಂತ್ಕಂಡಿದ್ದು ಆಡಕ್ಕೆ ಅಂತ ಸಾ. ನಡ್ಸಕ್ಕಲ್ಲ. ನೀವು ಪುಸ್ತಕ ಕೈಗಿಕ್ಬುಟ್ರಿ."

ಎದ್ದು ಗೂಟಕ್ಕೆ ನೇತುಹಾಕಿದ್ದ ಚೀಲದಿಂದ ಡೈರಿಯ ರಿಜಿಸ್ಟರೊಂದನ್ನು ತೆಗೆದ. ಅದರ ರಟ್ಟಿನ ಒಳಗಿಂದ ನಾಲ್ಕು ಮಡಿಕೆಯ ಒಂದು ಹಾಳೆ ಬಂತು. ಬಿಚ್ಚಿದಾಗ ಮಡಿಕೆಯ ಗೆರೆಗಳಲ್ಲಿ ಹರಿದಿತ್ತು. ನನ್ನದೇ ಜೆರಾಕ್ಸ್. ಮೊದಲ ಭಾನುವಾರಕ್ಕೆಂದು ನಾನು ಚೌಕ ಚೌಕ ಹಾಕಿ ಪಾತ್ರದ ವಿವರ ಬರೆಯಲು ಮಾಡಿದ್ದ ಹಾಳೆ.

"ಯಾರ್ನೂ ಕೇಳ್ದಂಗೆ ಒಂದು ತಕ್ಕಂಡೋಗಿದ್ದೆ. ಅವತ್ತು ಸಂದೇಲೇ ತುಂಬ್ದೆ" ಎಂದ.

ದುಂಡನೆಯ, ಶಾಲೆಯಲ್ಲಿ ಕಲಿತಂಥ ಅಕ್ಷರ. ಹೆಸರು: ಚಿಕ್ಕಬಸಪ್ಪ. ಕೆಲಸ: ದಾರಿಹೋಕ. ಬಲ: ಸಾಧಾರಣ. ಹತ್ತಿರ ಇರುವ ಸಾಮಾನು: ಒಂದು ಕೊಡೆ. ಕೊನೆಯ ಚೌಕದಲ್ಲಿ ಭಯ ಎಂದಿತ್ತು. ಅದರ ಮುಂದೆ ಅವನು ಬರೆದಿದ್ದ: ಹೊತ್ತು ಮುಳುಗುವವರೆಗೂ ಯಾರೂ ತನ್ನನ್ನು ಕರೆಯದಿರುವುದು.

ಎರಡು ವರ್ಷ ಪ್ರತಿ ಭಾನುವಾರ ಎಲ್ಲರೂ ಅವನಿಗೆ ಮೆತ್ತೆ ಹಾಕಿದರು, ತಂಬಿಟ್ಟು ಕೊಟ್ಟರು, ಮೇಷ್ಟ್ರೇ ಎಂದರು. ನೀನೂ ಒಂದು ದಿನ ಆಡು ಬಾ ಎಂದವರು ಯಾರೂ ಇಲ್ಲ. ಅಷ್ಟೊಂದು ಕಣ್ಣಿಟ್ಟು ಅವನನ್ನೇ ನೋಡುತ್ತಿದ್ದ ನಾನೂ ಅದನ್ನು ಕಂಡಿರಲಿಲ್ಲ.

"ಕವಡೆ ಇದೆಯಾ?" ಎಂದೆ.

"ಕವಡೆ ಇಲ್ಲ ಸಾ. ಉಣಸೆಬೀಜ ಅವೆ."

ಆರು ಬೀಜ ಆರಿಸಿ ವಿಶಾಲಮ್ಮನವರ ಒರಳುಕಲ್ಲಿಗೆ ಒಂದೊಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜಿದೆ. ಅವನು ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಚಾಪೆಯ ಮೇಲೆ ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತ. ನನ್ನ ತಲೆಯಲ್ಲಿ ಒಂದು ಕತೆಯೂ ಇರಲಿಲ್ಲ.

"ಎಲ್ಲಿಂದ ಶುರು ಮಾಡೋಣ ರಂಗಸ್ವಾಮಿ?" ಎಂದು ಕೇಳಿದೆ.

"ನನ್ನ ಕೇಳ್ಬ್ಯಾಡಿ ಸಾ" ಎಂದ ಅವನು, ಮುಂದಕ್ಕೆ ಬಾಗಿ. "ಇವತ್ತು ನಂಗೇನೂ ಗೊತ್ತಿಲ್ಲ."